ಎಂಟನೆಯ ರಟ್ಟು

ಕಾರಿನ ಸೀಟು ಹೊಲಿಯುವವನಿಗೆ ಊರಿನ ಜನರ ಮುಖಕ್ಕಿಂತ ಅವರು ಕೂರುವ ರೀತಿಯೇ ಹೆಚ್ಚು ಪರಿಚಯ. ಹಳೆಯ ಸೀಟೊಂದನ್ನು ಬಿಚ್ಚಿದರೆ ಸಾಕು, ಅದರಲ್ಲಿ ಕೂತವರು ಯಾವ ಕಡೆ ವಾಲುತ್ತಿದ್ದರು, ಯಾವ ಜೇಬಿನಲ್ಲಿ ಪರ್ಸು ಇಡುತ್ತಿದ್ದರು, ಜಗಳವಾದ ದಿನ ಗಂಡ ಹೆಂಡಿರಲ್ಲಿ ಯಾರು ಬಾಗಿಲ ಕಡೆಗೆ ಸರಿಯುತ್ತಿದ್ದರು ಎಂಬುದನ್ನೆಲ್ಲ ದಬ್ಬಳ ಹೇಳಬಲ್ಲವನಾಗಿದ್ದ. ಹೇಳುತ್ತಿರಲಿಲ್ಲ, ಅದು ಬೇರೆ ಮಾತು. ಗೋಣಿ ಹೊಲಿಯುವ ದಪ್ಪ ಸೂಜಿಯ ಹಾಗೆ ಉದ್ದಕ್ಕಿದ್ದು ತುದಿಯಲ್ಲಿ ಕೊಂಚ ಬಾಗಿದ್ದುದರಿಂದ ಬಂದ ಹೆಸರು ದಬ್ಬಳ. ಅವನ ಸ್ವಂತ ಹೆಸರು ಮತದಾರರ ಪಟ್ಟಿಯಲ್ಲಿ ಭದ್ರವಾಗಿತ್ತು, ಬೇರೆಲ್ಲೂ ಉಳಿದಿರಲಿಲ್ಲ.

ಅವನ ಶೆಡ್ಡಿನಲ್ಲಿ ಎರಡು ನಿಯಮ. ಒಂದು, ಸೀಟಿನ ಒಳಗಿಂದ ಬಂದದ್ದೆಲ್ಲ ಸೀಟಿನ ಯಜಮಾನರದು. ಹೇರ್‌ಪಿನ್ನೋ, ಬಸ್ ಟಿಕೆಟ್ಟೋ, ಕೊಳೆತ ಸ್ಪಂಜೋ, ಕಾರು ಗೇಟು ದಾಟುವ ತನಕ ಅದು ಒಂದು ಚೀಲದಲ್ಲಿ ಇರತಕ್ಕದ್ದು. ಎರಡು, ಕೊನೆಯ ಹೊಲಿಗೆಯನ್ನು ಯಜಮಾನರು ಬಂದು ಕೂತು ಎದ್ದ ಮೇಲೆಯೇ ಹಾಕುವುದು. ಬಾಗಿಲ ಪಕ್ಕದಲ್ಲಿ ಒಂದು ಗೇಣು ಬಾಯಿ ಬಿಟ್ಟುಕೊಂಡು ಸೀಟು ಅವರಿಗಾಗಿ ಕಾಯಬೇಕು. ಈ ನಿಯಮಗಳ ಮಾತು ಬಂದಾಗಲೆಲ್ಲ ಹೊಲಿಗೆ ಯಂತ್ರದ ಮುಂದೆ ಕೂತ ಅವನ ಹೆಂಡತಿ, ಊರಿನವರಿಗೆಲ್ಲ ಮೆತ್ತನೆ ಸೀಟು ಹೊಲಿದ ಮಹಾನುಭಾವರ ಹೆಂಡತಿ ಇಪ್ಪತ್ತೆರಡು ವರ್ಷದಿಂದ ಬರೀ ಮರದ ಸ್ಟೂಲಿನ ಮೇಲೆ ಕೂತಿದ್ದಾಳೆ ಎಂದು ಗೋಡೆಗೆ ತಿಳಿಸುತ್ತಿದ್ದಳು.

ಆ ಸಣ್ಣ ಕಾರನ್ನು ಬೇರೊಂದು ಗಾಡಿಗೆ ಹಗ್ಗ ಕಟ್ಟಿ ಎಳೆದು ತಂದರು. ಎರಡೇ ಸೀಟು, ಮಡಚುವ ಕ್ಯಾನ್ವಾಸ್ ಟಾಪು, ಪಕ್ಕದಲ್ಲಿ ನಿಂತರೆ ಸೊಂಟಕ್ಕೂ ಬಾರದ ಎತ್ತರ. ಒಂದು ಕಾಲದ ಕೆಂಪು ಈಗ ಹಳೆಯ ಇಟ್ಟಿಗೆಯ ಬಣ್ಣಕ್ಕೆ ಇಳಿದಿತ್ತು. ಯಾರ ಕಾರೆಂದು ಗೊತ್ತಾದ ಕ್ಷಣ ದಬ್ಬಳನ ಹೆಂಡತಿ ಯಂತ್ರದ ಮುಂದೆ ಬೆನ್ನು ನೆಟ್ಟಗೆ ಮಾಡಿ ಮೊಣಕಾಲು ಜೋಡಿಸಿದಳು. ಅದು ಅವಳ ಇಚ್ಛೆಯಿಂದ ಆದದ್ದಲ್ಲ. ಡ್ರಿಲ್ ಮೇಡಂ ಕೈಯಲ್ಲಿ ಕಲಿತ ಯಾವ ಹೆಂಗಸಿಗಾದರೂ ಹಾಗೇ ಆಗುತ್ತಿತ್ತು.

ಡ್ರಿಲ್ ಮೇಡಂ ಹುಡುಗಿಯರ ಶಾಲೆಯಲ್ಲಿ ಮೂವತ್ತು ವರ್ಷ ಕವಾಯತು ಕಲಿಸಿದವರು. ಓಡುವುದು, ಹಾರುವುದು ಎಲ್ಲರೂ ಕಲಿಸುತ್ತಾರೆ. ಮೇಡಂ ಕೂರುವುದನ್ನೂ ಏಳುವುದನ್ನೂ ಕಲಿಸಿದರು. ಕುರ್ಚಿಗೆ ಬೀಳಬಾರದು, ಇಳಿಯಬೇಕು. ಏಳುವಾಗ ಕೈ ಊರಬಾರದು, ನರಳಬಾರದು. ಯಾವಳಾದರೂ ಧೊಪ್ಪೆಂದು ಕೂತರೆ ಇಡೀ ಸಾಲು ಹತ್ತು ಸಲ ಎದ್ದು ಕೂರಬೇಕಾಗುತ್ತಿತ್ತು.

ಮೇಡಂ ಗಂಡ ಊರಿನ ಲೈಬ್ರರಿಗೆ ನಲವತ್ತು ವರ್ಷ ಪುಸ್ತಕ ಕಟ್ಟಿಕೊಟ್ಟ ಬೈಂಡರು, ಮಾತು ಕಮ್ಮಿ. ಯಾವುದೋ ಶ್ರೀಮಂತರ ಮನೆ ಪಾಲಾದಾಗ ಯಾರಿಗೂ ಬೇಡವಾಗಿ ಬಿದ್ದಿದ್ದ ಈ ಕಾರನ್ನು ಗುಜರಿಯಿಂದ ತಂದು, ನಾಲ್ಕು ವರ್ಷದ ಭಾನುವಾರಗಳನ್ನು ಅದರ ಹೊಟ್ಟೆಯ ಕೆಳಗೆ ಕಳೆದು, ಓಡುವ ಹಾಗೆ ಮಾಡಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಊರು ನಕ್ಕಿತು. ಮೇಡಂ ಅದರಿಂದ ಇಳಿಯುವುದನ್ನು ನೋಡುವ ತನಕ ನಕ್ಕಿತು.

ಅಷ್ಟು ತಗ್ಗಿನ ಕಾರಿಗೆ ಹತ್ತುವವರು ಸಾಮಾನ್ಯವಾಗಿ ಮೊದಲು ಒಂದು ಕಾಲು ತೂರಿಸುತ್ತಾರೆ, ಆಮೇಲೆ ತಲೆ, ಕೊನೆಗೆ ಉಳಿದದ್ದನ್ನು ಹೇಗೋ ಒಳಗೆ ಸೇರಿಸಿಕೊಳ್ಳುತ್ತಾರೆ. ಮೇಡಂ ಕಾರಿಗೆ ಬೆನ್ನು ಮಾಡಿ ನಿಂತು, ಅಂಚಿನ ಮೇಲೆ ಇಳಿದು, ಯಾರೋ ಕಿವಿಯಲ್ಲಿ ಗುಟ್ಟು ಹೇಳುತ್ತಿದ್ದಾರೇನೋ ಎಂಬಂತೆ ತಲೆ ಒಂದಿಷ್ಟು ಬಾಗಿಸಿ, ಎರಡೂ ಕಾಲನ್ನು ಒಟ್ಟಿಗೆ ಒಳಗೆ ತರುತ್ತಿದ್ದರು. ಮೇಜಿನ ಡ್ರಾಯರು ಮುಚ್ಚಿದ ಹಾಗೆ. ಇಳಿಯುವಾಗ ಅದೇ ತಿರುಗಾಮುರುಗಾ. ಎರಡೂ ಪಾದ ಒಂದೇ ಸಲ ನೆಲ ಮುಟ್ಟುತ್ತಿದ್ದವು, ಕೈ ಬಾಗಿಲನ್ನು ಮುಟ್ಟುತ್ತಿರಲಿಲ್ಲ. ಅರವತ್ತಾದರೂ ಹಾಗೇ, ಎಪ್ಪತ್ತಾದರೂ ಹಾಗೇ. ಭಾನುವಾರ ಲೈಬ್ರರಿಯ ಮುಂದೆ ಇದನ್ನು ನೋಡಲೆಂದೇ ಎದುರಿನ ಹೋಟೆಲಿನಲ್ಲಿ ಕೆಲವರು ಎರಡನೇ ಕಾಫಿ ಹೇಳುತ್ತಿದ್ದರು.

ಬೈಂಡರು ತೀರಿಕೊಂಡು ಎರಡು ವರ್ಷವಾಗಿತ್ತು. ಕಾರು ಅವರ ಮನೆಯ ಶೆಡ್ಡಿನಲ್ಲೇ ನಿಂತು, ಇಲಿಗಳು ಎರಡೂ ಸೀಟಿನ ಚರ್ಮ ತಿಂದಿದ್ದವು. ಈಗ ಲೈಬ್ರರಿಯವರು ಪುಸ್ತಕ ಕಟ್ಟುವ ಕೋಣೆಗೆ ಬೈಂಡರ ಹೆಸರಿಡುವುದೆಂದು ನಿಶ್ಚಯಿಸಿದ್ದರು, ಬರುವ ಭಾನುವಾರ. ಅಲ್ಲಿಗೆ ಹೋದರೆ ಈ ಕಾರಿನಲ್ಲೇ ಹೋಗಿ ಹಿಂದಿನ ಹಾಗೇ ಇಳಿಯುವುದೆಂದು ಮೇಡಂ ಹಟ ಹಿಡಿದಿದ್ದರು. ಮಗಳಿಗೆ ಔಷಧಿ ಅಂಗಡಿ. ದಿನವಿಡೀ ಊರಿನ ಮೊಣಕಾಲುಗಳನ್ನೇ ನೋಡುವವಳು, ತಾಯಿಯ ಮೊಣಕಾಲಿನ ಬಗ್ಗೆ ಅವಳಿಗೆ ಭ್ರಮೆಗಳಿರಲಿಲ್ಲ. ಗಾಲಿಕುರ್ಚಿಯನ್ನು ಆಗಲೇ ತಂದು ಮನೆಯಲ್ಲಿ ಮಡಚಿ ಇಟ್ಟಿದ್ದಳು. ಕೊನೆಗೆ ಇಬ್ಬರ ನಡುವೆ ಒಪ್ಪಂದವಾಯಿತು. ಸೀಟು ಸಿದ್ಧವಾದ ದಿನ, ಯಾರೂ ಕೈ ಹಿಡಿಯದೆ ಮೇಡಂ ಕಾರಿನಿಂದ ಇಳಿದು ತೋರಿಸಿದರೆ ಭಾನುವಾರ ಮಗಳೇ ಕಾರು ಓಡಿಸುತ್ತಾಳೆ. ಆಗದಿದ್ದರೆ ಗಾಲಿಕುರ್ಚಿ. ಸೋಮವಾರ ಕಾರು, ಬಹಳ ದಿನದಿಂದ ಕೇಳುತ್ತಿದ್ದ ಒಬ್ಬ ಹಳೆ ಕಾರಿನ ಹುಚ್ಚನ ಪಾಲಿಗೆ.

ದಬ್ಬಳನಿಗೆ ಮೇಡಂ ಫೋನಿನಲ್ಲಿ ಹೇಳಿದ್ದು ಒಂದೇ ಮಾತು. ಕಾರ್ಖಾನೆಯಿಂದ ಬಂದ ದಿನ ಸೀಟು ಹೇಗಿತ್ತೋ ಹಾಗೇ ಆಗಬೇಕು. ದಬ್ಬಳನಿಗೆ ಅದಕ್ಕಿಂತ ಪ್ರಿಯವಾದ ಮಾತು ಇನ್ನೊಂದಿರಲಿಲ್ಲ. ನಡುವೆ ಕಂಡಕಂಡವರು ತುಂಬಿದ ಕಸವನ್ನೆಲ್ಲ ಕಿತ್ತು ಸೀಟನ್ನು ಅದರ ಹುಟ್ಟಿದ ರೂಪಕ್ಕೆ ತರುವುದೇ ಕಸುಬಿನ ಧರ್ಮ ಎಂದು ನಂಬಿದವನು ಅವನು.

ಮೇಡಂ ಕೂರುತ್ತಿದ್ದ ಪಕ್ಕದ ಸೀಟಿನ ಕುಶನ್ ಎತ್ತಿದಾಗ ಅದರ ಕೆಳಗೆ ಏಳು ರಟ್ಟುಗಳಿದ್ದವು. ಒಂದೊಂದನ್ನೂ ಸೀಟಿನ ಆಕಾರಕ್ಕೆ ಕತ್ತರಿಸಿ, ಮೇಲೆ ಕಂಬಳಿಯ ತುಂಡಿಟ್ಟು, ಪುಸ್ತಕಕ್ಕೆ ಹಾಕುವ ಕ್ಯಾಲಿಕೋ ಬಟ್ಟೆಯಿಂದ ಸುತ್ತಲಾಗಿತ್ತು. ಹಸಿರು, ಕಂದು, ಕಪ್ಪು, ನೀಲಿ, ಹೀಗೆ ಒಂದೊಂದಕ್ಕೆ ಒಂದೊಂದು ಬಣ್ಣ. ಏಳೂ ಸೇರಿ ನಾಲ್ಕು ಬೆರಳಿನ ಎತ್ತರ. ಕೆಲಸ ಅಚ್ಚುಕಟ್ಟಾಗಿತ್ತು, ದಬ್ಬಳನಿಗೆ ಸ್ವಲ್ಪ ಹೊಟ್ಟೆಕಿಚ್ಚಾಗುವಷ್ಟು. ಸೋತ ಸ್ಪ್ರಿಂಗಿಗೆ ಬೈಂಡರು ಮಾಡಿಕೊಂಡ ಉಪಾಯವಿರಬೇಕು ಎಂದುಕೊಂಡ.

ಹೆಂಡತಿ ಯಂತ್ರ ನಿಲ್ಲಿಸಿ ನೋಡಿದಳು. "ರೀ, ಅವರ ಸೀಟಲ್ಲಿ ಒಂದೂ ಇಲ್ವಲ್ಲ?"

ಇರಲಿಲ್ಲ. ಬೈಂಡರು ಕೂರುತ್ತಿದ್ದ ಸೀಟಿನ ಸ್ಪ್ರಿಂಗು ಇನ್ನೂ ಹೆಚ್ಚು ಸೋತಿತ್ತು, ಅದರ ಕೆಳಗೆ ಏನೂ ಇರಲಿಲ್ಲ. ಉತ್ತರ ಗೊತ್ತಿಲ್ಲದಾಗ ಗಂಡಂದಿರು ಮಾಡುವುದನ್ನೇ ದಬ್ಬಳನೂ ಮಾಡಿದ, ಕತ್ತರಿ ಎಲ್ಲಿ ಎಂದು ಕೇಳಿದ. ರಟ್ಟುಗಳು ಚೀಲಕ್ಕೆ ಹೋದವು.

ಗುರುವಾರ ಮಧ್ಯಾಹ್ನ ಮೂರಕ್ಕೆ ಮಗಳು ಮೇಡಂರನ್ನು ಶೆಡ್ಡಿಗೆ ಬಿಟ್ಟು, ಅಂಗಡಿಯಲ್ಲಿ ಜನ ಕಾಯುತ್ತಿದ್ದಾರೆ, ನಾಲ್ಕಕ್ಕೆ ಬರುತ್ತೇನೆ, ಅಷ್ಟರಲ್ಲಿ ಅಭ್ಯಾಸ ಮಾಡಿಕೊಂಡಿರು ಎಂದು ಹೊರಟಳು. ಮೇಡಂ ಇಸ್ತ್ರಿಯ ಗೆರೆ ಮುರಿಯದ ಬಟ್ಟೆಯಲ್ಲಿ, ಬಿಳಿ ಕ್ಯಾನ್ವಾಸ್ ಶೂನಲ್ಲಿ, ಒಂದು ಕೋಲಿನೊಂದಿಗೆ ಬಂದಿದ್ದರು. ಕೋಲನ್ನು ಯಾರದೋ ವಸ್ತುವನ್ನು ಸ್ವಲ್ಪ ಹೊತ್ತು ನೋಡಿಕೊಳ್ಳುತ್ತಿರುವವರ ಹಾಗೆ ಹಿಡಿದಿದ್ದರು. ದಬ್ಬಳನ ಹೆಂಡತಿಯನ್ನು ಒಂದು ಕ್ಷಣ ದಿಟ್ಟಿಸಿದರು.

"ಎರಡನೇ ಸಾಲು, ಎಡಗಡೆ ಕೊನೆ. ಎಲ್ಲದಕ್ಕೂ ಅರ್ಧ ಸೆಕೆಂಡು ತಡ."

"ಹೌದು ಮೇಡಂ," ಎಂದಳು ಐವತ್ತು ಸಮೀಪಿಸಿದ ಆ ಹುಡುಗಿ.

ಮೇಡಂ ಕೋಲನ್ನು ಅವಳ ಕೈಗೆ ಕೊಟ್ಟು, ಕಾರಿಗೆ ಬೆನ್ನು ಮಾಡಿ ನಿಂತರು. ಇಳಿಯತೊಡಗಿದರು. ಸೀಟು ಸಿಗಬೇಕಾದ ಎತ್ತರದಲ್ಲಿ ಸೀಟು ಸಿಗಲಿಲ್ಲ. ಉಳಿದ ನಾಲ್ಕು ಬೆರಳಷ್ಟು ದೂರ ಅವರು ಬಿದ್ದರು. ಧೊಪ್ಪೆಂಬ ಸದ್ದು ಶೆಡ್ಡಿನ ತಗಡಿಗೆ ತಾಗಿ ಬಂತು. ದಬ್ಬಳನ ಹೆಂಡತಿ ನೆಲ ನೋಡಿದಳು.

ಮೇಡಂ ಮುಖದಲ್ಲಿ ಏನೂ ಕದಲಲಿಲ್ಲ. ಕಾಲು ಒಳಗೆ ತಂದರು, ಡ್ಯಾಶ್‌ಬೋರ್ಡು ನೋಡಿದರು, ಸೀಟು ಚೆನ್ನಾಗಿದೆ ಎಂದರು. ಕಾಲು ಹೊರಗೆ ತಂದು ಎರಡೂ ಪಾದ ಒಟ್ಟಿಗೆ ಊರಿದರು. ಏಳಲು ನೋಡಿದರು. ಆಗಲಿಲ್ಲ. ಉಸಿರು ತೆಗೆದುಕೊಂಡು ಇನ್ನೊಮ್ಮೆ ನೋಡಿದರು. ಮೊಣಕಾಲು ಎದೆಯ ಮಟ್ಟಕ್ಕಿತ್ತು, ಬಾವಿಯಿಂದ ಏಳುವ ಹಾಗೆ ಏಳಬೇಕಿತ್ತು. ಮೂರನೆಯ ಸಲ ಪ್ರಯತ್ನಿಸಲಿಲ್ಲ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರನ್ನು ದಬ್ಬಳ ಬೇಕಾದಷ್ಟು ನೋಡಿದ್ದ. ಅಂಥವರು ಸೀಟನ್ನು ಬಯ್ಯುತ್ತಾರೆ. ಇವರು ಬಯ್ಯಲಿ ಎಂದು ಅವನು ಕಾದ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗಾದೆ ಹುಡುಗಿಯರಿಗೆ ಹೇಳ್ತಿದ್ದವಳೇ ನಾನು," ಎಂದರು ಮೇಡಂ. "ಸೀಟಿಂದೇನೂ ತಪ್ಪಿಲ್ಲ. ಎರಡು ವರ್ಷದಲ್ಲಿ ಮೊಣಕಾಲು ಮರೆತುಬಿಟ್ಟಿದೆ."

ದಬ್ಬಳನ ಹೆಂಡತಿ ಕೈ ಚಾಚಿದಳು. ಮೇಡಂ ತಲೆಯಾಡಿಸಿದರು. ಹಿಡಿದೆತ್ತಿದರೆ ಅದು ಇಳಿದ ಹಾಗಲ್ಲ, ಇಳಿಸಿದ ಹಾಗೆ. ಮಗಳು ಬರುವ ತನಕ ಇಲ್ಲೇ ಕೂತಿರುತ್ತೇನೆ, ಹೇಗೂ ಸೋಮವಾರದ ಮೇಲೆ ಇದರಲ್ಲಿ ಕೂರುವುದಿಲ್ಲವಲ್ಲ ಎಂದರು. ಗೋಡೆಯ ಗಡಿಯಾರದಲ್ಲಿ ಮೂರೂಕಾಲು.

ಆಗ ದಬ್ಬಳನಿಗೆ ಚೀಲದಲ್ಲಿದ್ದದ್ದು ಏನೆಂದು ಗೊತ್ತಾಯಿತು. ಅದು ಸ್ಪ್ರಿಂಗಿಗಲ್ಲ, ಮೊಣಕಾಲಿಗೆ ಹಾಕಿದ್ದು. ನೂರಾರು ಸೀಟು ಓದಿದ ತಾನು, ಒಬ್ಬ ಗಂಡ ಹೆಂಡತಿಗೆ ಹೇಳದೆ ಉಳಿಸಿದ ಮಾತನ್ನು ಕಸವೆಂದು ಕಿತ್ತು ಗೋಣಿಗೆ ತುಂಬಿದ್ದ. ಅದನ್ನು ಈಗ ಹೇಳಬಹುದೇ? ಸತ್ತವರು ಹೇಳಬಾರದೆಂದು ಅಷ್ಟು ಅಚ್ಚುಕಟ್ಟಾಗಿ ಮುಚ್ಚಿಟ್ಟದ್ದು. ಸುಮ್ಮನಿದ್ದರೆ ಮಾನ ಉಳಿಯುವುದು ತನ್ನದು, ಹೋಗುವುದು ಇವರದು. ಹೆಂಡತಿಯ ಮುಖ ನೋಡಿದ. ಅವಳು ಆಗಲೇ ಚೀಲ ತರಲು ಹೋಗಿದ್ದಳು.

"ಮೇಡಂ, ಈ ಸೀಟಿಂದ ಒಂದಷ್ಟು ಸಾಮಾನು ಹೊರಗೆ ತೆಗೆದುಬಿಟ್ಟಿದ್ದೆ. ತಪ್ಪು ನಂದು. ವಾಪಸ್ ಇಡಬೇಕು."

"ನಾನು ಎದ್ದ ಮೇಲೆ ಇಡಿ."

"ಇಟ್ಟ ಮೇಲೆ ನೀವು ಏಳ್ತೀರಿ."

ಮೇಡಂ ಕೈ ಚಾಚಿದರು. ದಬ್ಬಳ ಮೇಲಿದ್ದ ಹಸಿರು ರಟ್ಟನ್ನು ಕೊಟ್ಟ. ಅವರು ಅದನ್ನು ತಿರುಗಿಸಿ, ಬಟ್ಟೆ ಮಡಚಿದ ಮೂಲೆಯ ಮೇಲೆ ಹೆಬ್ಬೆರಳು ಆಡಿಸಿದರು. ಅಲ್ಲೇ ನಿಂತಿತು ಬೆರಳು. ಮೂವತ್ತೆಂಟು ವರ್ಷ ಒಂದೇ ಮನೆಯಲ್ಲಿ ಆ ಮೂಲೆಗಳನ್ನು ನೋಡಿದವರಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

ಒಂದೊಂದಾಗಿ ಕೇಳಿ ತೆಗೆದುಕೊಂಡು ತೊಡೆಯ ಮೇಲಿಟ್ಟರು. ಹಸಿರು, ಲೈಬ್ರರಿಯ ಭೂಪಟಗಳನ್ನು ಕಟ್ಟಿದ ವರ್ಷದ್ದು. ಆ ವರ್ಷ ತಾವು ಶಾಲೆಯ ಮೆಟ್ಟಿಲಲ್ಲಿ ಎಡವಿದ್ದು, ಯಾರಿಗೂ ಹೇಳದೆ ಬಿಸಿನೀರು ಕಾಯಿಸಿಕೊಂಡದ್ದು. ಕಂದು, ಕಾನೂನಿನ ಪುಸ್ತಕಗಳ ಬಟ್ಟೆ. ಆಗ ಎಡಗಾಲು ಊದಿತ್ತು. ನೀಲಿ ಬಂದದ್ದು ಆಪರೇಷನ್ ಆದ ಮೇಲೆ. ಯಾರಿಗೂ ತಿಳಿಯದೆಂದು ತಾವು ಮುಚ್ಚಿಟ್ಟುಕೊಂಡಿದ್ದ ಪ್ರತಿಯೊಂದು ನೋವಿಗೂ ಅಲ್ಲೊಂದು ರಟ್ಟಿತ್ತು.

"ಟಾಪ್ ಹಾಕಿ, ತಲೆಕೂದಲು ಹಾಳಾಗುತ್ತೆ ಅಂತಿದ್ದೆ," ಎಂದರು, ಯಾರಿಗೂ ಅಲ್ಲ. "ಗಾಳಿ ಬೇಕು ಅಂತಿದ್ರು. ಹನ್ನೊಂದು ವರ್ಷ ಗಾಳಿ ಬೇಕು ಅಂದ್ರು."

ಅಷ್ಟು ಎತ್ತರದ ಸೀಟಿನಲ್ಲಿ ಟಾಪು ಹಾಕಿದ್ದರೆ ತಲೆ ಕ್ಯಾನ್ವಾಸಿಗೆ ತಾಗಿ ಎಲ್ಲ ತಿಳಿದುಬಿಡುತ್ತಿತ್ತು. ದಬ್ಬಳ ಅದನ್ನು ವಿವರಿಸಲು ಬಾಯಿ ತೆರೆದ. ಹೆಂಡತಿ ಅವನ ಕಾಲು ತುಳಿದಳು.

ಮೇಡಂ ಆಮೇಲೆ ಹೇಳಿದ್ದು ಗಂಡನ ವಿಷಯವಲ್ಲ. ಮೇಡಂ ಜೊತೆಗೇ ಶಾಲೆಗೆ ಸೇರಿದ ಸಂಗೀತದ ಟೀಚರ್ ಒಬ್ಬರಿದ್ದರು, ಅಕ್ಕತಂಗಿಯರ ಹಾಗಿದ್ದವರು. ಅರವತ್ತೈದಕ್ಕೇ ಆಕೆ ಕೋಲು ಹಿಡಿದಾಗ ಮೇಡಂ ನಾಲ್ಕು ಜನರೆದುರು ಅಂದುಬಿಟ್ಟಿದ್ದರು.

"ಸೋಮಾರಿ ಅಂದೆ. ಮೈ ಬಗ್ಗಿಸಿದ್ರೆ ಮೊಣಕಾಲು ಹೇಳಿದ ಮಾತು ಕೇಳುತ್ತೆ, ನನ್ನನ್ನ ನೋಡು ಅಂದೆ. ಅವತ್ತಿಂದ ಅವಳು ಮನೆಗೆ ಬಂದಿಲ್ಲ." ಏಳು ರಟ್ಟನ್ನೂ ಒಂದರ ಮೇಲೊಂದು ಸರಿಯಾಗಿ ಜೋಡಿಸಿದರು. "ಇವುಗಳ ಮೇಲೆ ಕೂತ್ಕೊಂಡು ಅಂದೆ."

ಆಮೇಲೆ, "ಇಡಿ," ಎಂದರು.

ಕೊನೆಯ ಹೊಲಿಗೆ ಹಾಕಿರದಿದ್ದ ಆ ಒಂದು ಗೇಣಿನ ಬಾಯನ್ನು ದಬ್ಬಳ ಸೀಟಿನ ಉದ್ದಕ್ಕೂ ಬಿಚ್ಚಿದ. ಟೈರು ಎಬ್ಬಿಸುವ ಚಪ್ಪಟೆ ಕಬ್ಬಿಣವನ್ನು ಕುಶನ್ನಿನ ಕೆಳಗೆ ತೂರಿಸಿ, ಮೇಡಂ ಒಂದು ಪಕ್ಕಕ್ಕೆ ಭಾರ ಬಿಟ್ಟಾಗ ಇನ್ನೊಂದು ಪಕ್ಕ ಎತ್ತಿ ರಟ್ಟು ನೂಕಬೇಕಿತ್ತು. ಮೂವರ ಲಯವೂ ಕೂಡಬೇಕು. ಲೆಕ್ಕ ಹೇಳುವವರು ಯಾರು? ಎರಡನೇ ಸಾಲಿನ ಎಡಗಡೆ ಕೊನೆಯವಳು ಗಂಟಲು ಸರಿಮಾಡಿಕೊಂಡು, "ಎಡ," ಎಂದಳು. ಮೇಡಂ ಎಡಕ್ಕೆ ವಾಲಿದರು. "ಬಲ." ಬಲಕ್ಕೆ ವಾಲಿದರು. ಪಾಠ ಹೇಳಿಸಿಕೊಳ್ಳುವ ಹುಡುಗಿಯ ಗಾಂಭೀರ್ಯ ಅವರ ಮುಖದ ಮೇಲಿತ್ತು. ಎಡ, ಬಲ, ಹಸಿರು. ಎಡ, ಬಲ, ಕಂದು. ಹೀಗೆ ಮೇಡಂ ಬಾವಿಯಿಂದ ಸ್ವಲ್ಪಸ್ವಲ್ಪವೇ ಮೇಲೆ ಬಂದರು.

ಏಳೂ ಒಳಗೆ ಹೋದಾಗ ಮೂರೂಮುಕ್ಕಾಲು ಆಗುತ್ತಿತ್ತು. ಮೇಡಂ ಪಾದ ಊರಿ ಎದ್ದರು. ಒಂದು ಗೇಣು ಎದ್ದು, ಗಾಳಿಯಲ್ಲಿ ನಿಂತು, ಮತ್ತೆ ಕೆಳಗೆ ಬಂದರು. ಈ ಸಲ ಬೀಳಲಿಲ್ಲ, ಇಳಿದರು. ಆದರೆ ಏಳಲಂತೂ ಆಗಲಿಲ್ಲ.

"ಎರಡು ವರ್ಷ ಆಯ್ತಲ್ಲ," ಎಂದಳು ದಬ್ಬಳನ ಹೆಂಡತಿ ಮೆಲ್ಲಗೆ. "ಅವರಿದ್ದಿದ್ರೆ ಇಷ್ಟೊತ್ತಿಗೆ ಇನ್ನೊಂದು ಹಾಕಿರ್ತಿದ್ರು."

ದಬ್ಬಳ ಗೋಡೆ ನೋಡಿದ. ಪ್ರತಿ ಸೀಟಿಗೂ ಮೊದಲು ರಟ್ಟಿನ ಅಚ್ಚು ಕತ್ತರಿಸಿ ಮೊಳೆಗೆ ತೂಗುಹಾಕುವುದು ಅವನ ಪದ್ಧತಿ. ಈ ಸೀಟಿನದೂ ಅಲ್ಲೇ ತೂಗುತ್ತಿತ್ತು. ಅದನ್ನು ಇಳಿಸಿ, ಕಂಬಳಿ ತುಂಡು ಇಟ್ಟು, ಕೈಗೆ ಸಿಕ್ಕ ರೆಕ್ಸಿನ್ ತುಂಡು ಸುತ್ತಿ, ಅಂಟು ಹಚ್ಚಿದ. ಹೆಂಡತಿ ಅಂಚು ಹಿಡಿದಳು. ಮೂಲೆ ಮಡಚುವಾಗ ಬೈಂಡರ ಮೂಲೆ ಕಣ್ಣ ಮುಂದೆ ಬಂದು, ಬಿಚ್ಚಿ ಮತ್ತೆ ಮಡಚಿದ. ಅಂಟು ಆರಲು ಪುರುಸೊತ್ತಿರಲಿಲ್ಲ. ಮೇಡಂ ಅದನ್ನೂ ಕೇಳಿ ಪಡೆದು ನೋಡಿದರು.

"ಮೂಲೆ ಸುಮಾರಾಗಿದೆ."

"ಹೌದು ಮೇಡಂ."

"ಇರಲಿ. ಹಾಕಿ."

ಎಡ, ಬಲ.

ಮೇಡಂ ಎದ್ದು ನಿಂತರು. ಅದರಲ್ಲಿ ವರ್ಣಿಸುವಂಥದ್ದು ಏನೂ ಇರಲಿಲ್ಲ. ಕೈ ಎಲ್ಲೂ ಊರಲಿಲ್ಲ, ಉಸಿರು ಬಿಗಿಯಲಿಲ್ಲ. ಇಷ್ಟು ಹೊತ್ತು ಕೂತಿದ್ದವರು ಈಗ ನಿಂತಿದ್ದರು, ಅಷ್ಟೇ.

ಮಗಳು ಬಂದಾಗ ಮೇಡಂ ಮತ್ತೆ ಕೂತು, ಡ್ರಾಯರು ಮುಚ್ಚಿ, ಡ್ರಾಯರು ತೆರೆದು, ಎದ್ದು ತೋರಿಸಿದರು. ಮಗಳು ಅಮ್ಮನನ್ನು ನೋಡಿದಳು, ಬಾಯಿ ಬಿಟ್ಟುಕೊಂಡಿದ್ದ ಸೀಟನ್ನು ನೋಡಿದಳು, ಅಂಟು ಮೆತ್ತಿದ ದಬ್ಬಳನ ಕೈ ನೋಡಿದಳು. ಔಷಧಿ ಅಂಗಡಿಯವರ ಕಣ್ಣು.

"ಸೀಟು ಎತ್ತರ ಮಾಡಿಸಿದ್ದೀಯಾ?"

ದಬ್ಬಳ ಅಂಟಿನ ಕೈಯನ್ನು ಬೆನ್ನ ಹಿಂದೆ ಒಯ್ದ. ಇಲ್ಲ ಎಂದುಬಿಟ್ಟರೆ ಮುಗಿಯಿತು, ಎಂಟೂ ರಟ್ಟು ಸೀಟಿನ ಹೊಟ್ಟೆಯೊಳಗಿವೆ. ಮೇಡಂ ಕೋಲನ್ನು ವಾಪಸು ತೆಗೆದುಕೊಂಡರು.

"ಯಾವತ್ತಿನಿಂದಲೋ ಎತ್ತರವಾಗೇ ಇತ್ತಂತೆ. ನಿಮ್ಮಪ್ಪ ಮಾಡಿದ್ದು. ನನಗೆ ಇವತ್ತು ಗೊತ್ತಾಯ್ತು."

ಅವರು ಎಲ್ಲವನ್ನೂ ಹೇಳಿದರು, ಬಣ್ಣಗಳ ಸಮೇತ, ಮೊದಲು ಎದ್ದೇಳಲಾಗದ್ದನ್ನೂ ಸೇರಿಸಿ. ಇದು ಪಂದ್ಯದಲ್ಲಿ ಮೋಸವೆಂದು ನಿನಗನಿಸಿದರೆ ಗಾಲಿಕುರ್ಚಿಯೇ ಸರಿ, ನಾನು ಎದುರಾಡುವುದಿಲ್ಲ ಎಂದರು. ಮಗಳು ಬಾಗಿ ಸೀಟಿನ ಬಾಯೊಳಗೆ ಕೈಹಾಕಿ ಬಟ್ಟೆಯ ಅಂಚುಗಳನ್ನು ಎಣಿಸಿದಳು. ಎಣಿಕೆ ಮುಗಿದ ಮೇಲೂ ಕೈ ಹೊರಗೆ ಬರಲಿಲ್ಲ.

"ಭಾನುವಾರ ಎಷ್ಟು ಗಂಟೆಗೆ ಹೊರಡಬೇಕು?" ಎಂದಳು, ತಿರುಗದೆ.

ಕೊನೆಯ ಹೊಲಿಗೆ ಹಾಕಲು ದಬ್ಬಳ ಸೂಜಿ ಎತ್ತಿಕೊಂಡಾಗ ಮೇಡಂ ತಡೆದರು. ಹೊಲಿಯುವುದು ಬೇಡ, ಜಿಪ್ ಇಡಿ, ಮುಂದಿನ ವರ್ಷಕ್ಕೆ ಮತ್ತೆ ಬೇಕಾಗುತ್ತೆ ಎಂದರು. ಕಾರ್ಖಾನೆಯಿಂದ ಬಂದ ಸೀಟಿಗೆ ಜಿಪ್ ಇರಲಿಲ್ಲ ಎಂಬುದು ದಬ್ಬಳನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಅವತ್ತು ಸಂಜೆ ಹೆಂಡತಿಯ ಸ್ಟೂಲಿನ ಸುತ್ತ ಎರಡು ಸಲ ಸುಮ್ಮನೆ ತಿರುಗಿದ. ಅಳತೆಪಟ್ಟಿ ಜೇಬಿನಲ್ಲೇ ಇರಲಿ, ಗೊತ್ತಾಗದ ಹಾಗೆ ಮಾಡೋದು ನಿಮ್ಮಿಂದಾಗಲ್ಲ ಎಂದಳು ಅವಳು.

ಭಾನುವಾರ ದಂಪತಿಗಳಿಬ್ಬರೂ ಲೈಬ್ರರಿಗೆ ಹೋದರು. ಸಣ್ಣ ಕಾರು ಟಾಪು ತೆರೆದುಕೊಂಡೇ ಬಂತು. ಎದುರಿನ ಹೋಟೆಲಿನಲ್ಲಿ ಕಪ್ಪುಗಳು ಅರ್ಧದಲ್ಲಿ ನಿಂತವು. ಎರಡೂ ಪಾದ ಒಂದೇ ಸಲ ನೆಲ ಮುಟ್ಟಿದವು, ಕೈ ಬಾಗಿಲು ಮುಟ್ಟಲಿಲ್ಲ. ಯಾರೋ ಚಪ್ಪಾಳೆ ತಟ್ಟಲು ಹೊರಟು, ಸಂದರ್ಭ ನೆನಪಾಗಿ ಕೈ ಕಟ್ಟಿಕೊಂಡರು.

ಒಳಗೆ ಮುಂದಿನ ಸಾಲಿನ ನಡುವಿನ ಕುರ್ಚಿ ಮೇಡಂಗಾಗಿ ಕಾದಿತ್ತು. ಅವರು ಕೋಲೂರುತ್ತ ಅದನ್ನು ದಾಟಿ ಹೋದರು. ಗೋಡೆಯ ಪಕ್ಕದಲ್ಲಿ, ಎರಡು ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡು ಒಬ್ಬ ಮುದುಕಿ ಕೂತಿದ್ದರು. ದಬ್ಬಳನ ಹೆಂಡತಿ ಅವನ ಕಿವಿಯಲ್ಲಿ, ಸಂಗೀತದ ಟೀಚರ್ ಎಂದಳು. ಆಕೆಯ ಪಕ್ಕದ ಕುರ್ಚಿ ಖಾಲಿ ಇತ್ತು. ಮೇಡಂ ಅದಕ್ಕೆ ಬೆನ್ನು ಮಾಡಿ ನಿಂತರು. ಆ ಸಭೆಯಲ್ಲಿದ್ದ ಅವರ ಹಳೆಯ ಹುಡುಗಿಯರ ಬೆನ್ನುಗಳೆಲ್ಲ ತಾವಾಗಿಯೇ ನೆಟ್ಟಗಾದವು.

ಮೇಡಂ ಇಳಿಯಲಿಲ್ಲ. ಧೊಪ್ಪೆಂದು ಕೂತರು, ಹಿಂದಿನ ಸಾಲಿಗೂ ಕೇಳುವ ಹಾಗೆ. ಕೂತು, "ಅಯ್ಯಮ್ಮಾ" ಎಂದು ಗಟ್ಟಿಯಾಗಿ ನರಳಿದರು.

ಸಂಗೀತದ ಟೀಚರ್ ತಿರುಗಿ ನೋಡಿದರು. ಆಮೇಲೆ ತಮ್ಮ ಎರಡು ಕೋಲುಗಳಲ್ಲಿ ಒಂದನ್ನು ಗೋಡೆಗೆ ಒರಗಿಸಿ, ಮಡಿಲಲ್ಲಿ ಮೇಡಂ ಕೋಲಿಗೂ ಜಾಗ ಮಾಡಿದರು.

ದಬ್ಬಳನ ಪಕ್ಕದಲ್ಲಿ ನೆಟ್ಟಗೆ ಕೂತಿದ್ದವಳು, ಅರ್ಧ ಸೆಕೆಂಡು ತಡವಾಗಿ, ಬೆನ್ನು ಸಡಿಲಿಸಿದಳು.